ಏಳು ಮತಗಳು ಮತ್ತು ನನ್ನ ಸಹಿ

ನನ್ನ ಮೊಮ್ಮಗಳು ಗೆದ್ದಳು. ಇವತ್ತು ಮಧ್ಯಾಹ್ನ ಕೋರ್ಟಿನಲ್ಲಿ ನ್ಯಾಯಾಧೀಶರು ಓದಿ ಹೇಳಿದರು: ನಮ್ಮ ವಾರ್ಡಿನಿಂದ ಗ್ರಾಮ ಪಂಚಾಯಿತಿಗೆ ಆರಿಸಿ ಬಂದವಳು ನನ್ನ ಮೊಮ್ಮಗಳೇ, ಒಂದು ಮತದಿಂದ. ಒಂದೇ ಒಂದು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಎದ್ದು ನಿಲ್ಲಬೇಕೋ ಕೂತೇ ಇರಬೇಕೋ ತಿಳಿಯದೆ ಅರ್ಧ ಎದ್ದು ಹಾಗೇ ಇದ್ದೆ. ಜವಾನ ಕೈಸನ್ನೆ ಮಾಡಿ ಕೂರಿಸಿದ. ಹೊರಗೆ ಬಂದ ಮೇಲೆ ಮಾತ್ರ ನನ್ನನ್ನು ಕೂರಿಸುವವರು ಯಾರೂ ಇರಲಿಲ್ಲ. ಚಹಾದಂಗಡಿಯವನಿಗೆ ಹೇಳಿದೆ, ಜೆರಾಕ್ಸ್ ಅಂಗಡಿಯ ಹೆಣ್ಣುಮಗಳಿಗೆ ಹೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಗುರುತೇ ಇಲ್ಲದ ಒಬ್ಬ ಮುದುಕನಿಗೂ ಹೇಳಿದೆ. ಅವನು ಎಲೆಕ್ಷನ್ ಯಾವಾಗ ಆಯಿತು ಎಂದು ಕೇಳಿದ. ನಾಲ್ಕು ವರ್ಷ ನಾಲ್ಕು ತಿಂಗಳಾಯಿತು ಎಂದೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಚೀಲ ಎತ್ತಿಕೊಂಡು ಆಚೆ ಕಡೆ ಹೋಗಿ ಕೂತ.

ಐದು ವರ್ಷದ ಅವಧಿಯಲ್ಲಿ ಇನ್ನು ಉಳಿದಿರುವುದು ಎಂಟು ತಿಂಗಳು. ಇರಲಿ ಬಿಡಿ. ಎಂಟು ತಿಂಗಳಾದರೂ ಆ ಕುರ್ಚಿಯ ಮೇಲೆ ಅವಳೇ ಕೂರುತ್ತಾಳೆ. ಎದೆ ತುಂಬಿ ಬಂದಿದೆ, ಯಾವುದನ್ನು ಮೊದಲು ಬರೆಯಲಿ ಎಂದು ತಿಳಿಯುತ್ತಿಲ್ಲ. ಈ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದವಳು ನನ್ನ ಹೆಂಡತಿ. ಅವಳು ಹೋಗಿ ಎರಡು ವರ್ಷವಾಗುತ್ತ ಬಂತು. ತನ್ನ ಹೆಬ್ಬೆರಳಿನಿಂದಲೇ ಮೊಮ್ಮಗಳು ಸೋತಳು ಎಂದು ನಂಬಿಕೊಂಡೇ ಹೋದಳು. ಖಟ್ಲೆ ಮೊದಲ ಸಲ ವಜಾ ಆದದ್ದು ನನ್ನ ಸಹಿಯಿಂದ. ನಮ್ಮಿಬ್ಬರ ಪಾಲೂ ಈ ಕಥೆಯೊಳಗೆ ಇದೆ, ಅದಕ್ಕೇ ನಾನೇ ಬರೆಯಬೇಕು.

ನಾನು ಎರಡನೆಯ ಇಯತ್ತೆ ಓದಿದವನು. ಮೂವತ್ತೊಂದು ವರ್ಷ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಉರುಳೆ ಹೊತ್ತೆ. ಅಂಬೇವಾಡಿಯಲ್ಲಿ ಬಾಡಿಗೆ ಮನೆ. ಆಗ ಓಣಿಯಲ್ಲಿ ದೊಡ್ಡವರಿಗೆಂದು ಸಂಜೆ ಕ್ಲಾಸು ನಡೆಯುತ್ತಿತ್ತು. ನಾನು ಎಂಟು ತಿಂಗಳು ಹೋಗಿ ಓದಿ ಬರೆಯುವ ಮಟ್ಟಿಗೆ ಕಲಿತೆ, ಸಹಿ ಮಾತ್ರ ಚೆನ್ನಾಗಿ ಕಲಿತೆ. ಕೊನೆಯ ಅಕ್ಷರದ ಕೆಳಗೆ ಒಂದು ಗೆರೆ ಎಳೆದು ಎರಡು ಚುಕ್ಕೆ ಇಡುತ್ತಿದ್ದೆ. ಹೆಂಡತಿ ಕ್ಲಾಸಿಗೆ ಬರಲಿಲ್ಲ. ರೊಟ್ಟಿ ಬಡಿಯುವ ಹೊತ್ತಿಗೇ ಕ್ಲಾಸು ಇಟ್ಟರೆ ಹೆಂಗಸರು ಹೇಗೆ ಬರುತ್ತಾರೆ? ನಾನು ಕರೆದಾಗೆಲ್ಲ ಅವಳು ಹೆಬ್ಬೆರಳು ಎತ್ತಿ ತೋರಿಸುವಳು.

"ನಂದು ಇದ ಐತಿ ಬಿಡ್ರಿ. ಇದನ್ನ ಯಾರೂ ಕಲಿಸೂದು ಬ್ಯಾಡ, ಯಾರೂ ಕದಿಯೂದೂ ಇಲ್ಲ."

ನಾನು ಸಹಿ ಕಲಿತ ಮೇಲೆ ಮನೆಯಲ್ಲಿ ಒಂದು ಪದ್ಧತಿಯೇ ಆಯಿತು. ಮನೆಗೆ ಬಂದ ಯಾವ ಕಾಗದಕ್ಕೂ ನನ್ನದೇ ಸಹಿ. ಮಗನ ಶಾಲೆಯ ಅರ್ಜಿಗೆ, ಮಗಳ ಮದುವೆಯ ಕಾಗದಕ್ಕೆ, ಗ್ಯಾಸಿನ ಪುಸ್ತಕಕ್ಕೆ. ಮೊಮ್ಮಗಳು ಹುಟ್ಟಿ ಶಾಲೆಗೆ ಹೋದಳು. ಅವಳ ಅಪ್ಪ ಹತ್ತನೆಯ ಇಯತ್ತೆ ಪಾಸಾದವನು, ಅಂಬಿಕಾನಗರದಲ್ಲಿ ಕರೆಂಟಿನ ಗುತ್ತಿಗೆ ಕೆಲಸ ಮಾಡುವವನು. ಆದರೂ ಅವಳ ಮಾರ್ಕಿನ ಕಾರ್ಡಿನ ಮೇಲೆ ಒಂದನೆಯ ಇಯತ್ತೆಯಿಂದ ಹನ್ನೆರಡನೆಯದರವರೆಗೆ ಪಾಲಕರ ಸಹಿಯೆಂದು ಇರುವುದು ನನ್ನ ಗೆರೆ, ನನ್ನ ಎರಡು ಚುಕ್ಕೆ. ಮನೆಯ ಹಿರಿಯ ಸಹಿ ಮಾಡಿದರೆ ಮನೆಯವರೆಲ್ಲ ಮಾಡಿದ ಹಾಗೆ ಎಂದು ನಾವು ತಿಳಿದಿದ್ದೆವು. ಯಾರೂ ಬೇಡವೆನ್ನಲಿಲ್ಲ. ಎಲ್ಲೂ ಅದು ತಪ್ಪಾಗಿರಲಿಲ್ಲ.

ನಿವೃತ್ತಿಯಾದ ಮೇಲೆ ಹೆಂಡತಿಯ ತವರೂರಿಗೇ ಬಂದೆವು. ಹಳಿಯಾಳದಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಊರಿಗೆ ಎರಡು ಓಣಿ, ಮೇಲಿನದು, ಕೆಳಗಿನದು. ನಾವು ಮೇಲಿನ ಓಣಿಯವರು. ನಮ್ಮ ರುದ್ರಭೂಮಿ ಹಳ್ಳ ದಾಟಿ ಆಚೆ ಇದೆ. ನಮ್ಮಲ್ಲಿ ಸತ್ತವರನ್ನು ಬಿದಿರು ಕಟ್ಟಿ ಹೂ ಸುತ್ತಿದ ವಿಮಾನದಲ್ಲಿ ಕೂರಿಸಿ ಹೊತ್ತು ಒಯ್ಯುತ್ತೇವೆ, ಮಲಗಿಸುವುದಿಲ್ಲ. ಮಳೆಗಾಲದಲ್ಲಿ ಆ ದಾರಿ ಮೊಣಕಾಲು ಕೆಸರು. ಹೊತ್ತವರು ಜಾರಿದರೆ ಕೂತವರೂ ಜಾರುತ್ತಾರೆ. ಹೆಂಡತಿಯ ಅಣ್ಣ ತೀರಿದಾಗ ಹಾಗೆಯೇ ಆಯಿತು. ವಿಮಾನ ವಾಲಿತು, ಹೂವೆಲ್ಲ ಕೆಸರಿಗೆ ಬಿದ್ದವು. ಆ ದಿನ ಮನೆಗೆ ಬಂದವಳೇ ಅವಳು ಮೊಮ್ಮಗಳಿಗೆ ಹೇಳಿದಳು.

"ಊರ ಮಂದಿ ಅರ್ಜಿ ಎಲ್ಲಾ ನೀನ ಬರಕೊಡ್ತೀದಿ. ನೀನ ಒಳಗ ಹೋಗಿ ಕೂಡ. ಆ ರಸ್ತಾ ಒಂದು ಮಾಡಸು."

ಮೊಮ್ಮಗಳಿಗೆ ಆಗ ಇಪ್ಪತ್ತಮೂರು. ದಾಂಡೇಲಿಯಲ್ಲಿ ಬಿ.ಎ. ಮುಗಿಸಿ ಬಂದು ಊರಿನ ಮುದುಕ ಮುದುಕಿಯರ ಪಿಂಚಣಿ ಅರ್ಜಿ ತುಂಬಿಕೊಡುತ್ತಿದ್ದಳು. ಆ ಸಲ ನಮ್ಮ ವಾರ್ಡು ಹೆಂಗಸರ ಮೀಸಲಿಗೆ ಬಂದಿತ್ತು. ನಿಂತಳು. ಎದುರಿಗೆ ಕೆಳಗಿನ ಓಣಿಯ ಒಬ್ಬಾಕೆ, ಕಿರಾಣಿ ಅಂಗಡಿಯವರ ಸೊಸೆ. ಮೂರನೆಯವಳು ಜೋಯಿಡಾ ಕಡೆಯಿಂದ ಮದುವೆಯಾಗಿ ಬಂದವಳು, ಸಿಟ್ಟು ಬಂದರೆ ಕೊಂಕಣಿಯಲ್ಲೇ ಬೈಯುವವಳು. ಗಂಡನ ಮನೆಯಲ್ಲಿ ನಾದಿನಿಯ ಜೊತೆ ಜಗಳವಾಗಿ ಹಟಕ್ಕೆ ನಿಂತಿದ್ದಳು, ಹನ್ನೊಂದು ಮತ ಬಿದ್ದವು.

ಎಣಿಕೆಯ ದಿನ ನನ್ನ ಮಗ ಮೊಮ್ಮಗಳ ಪರವಾಗಿ ಮೇಜಿನ ಹತ್ತಿರ ನಿಂತಿದ್ದ. ಸಂಜೆ ಮನೆಗೆ ಬಂದು ಚಪ್ಪಲಿ ಕಳೆಯದೆ ಬಾಗಿಲಲ್ಲೇ ಕೂತ. ಎರಡು ಮತದಿಂದ ಹೋಯಿತು ಎಂದ. ಏಳು ಮತ ತಿರಸ್ಕಾರ ಮಾಡಿ ಬೇರೆ ಇಟ್ಟರಂತೆ. ಬಹಳಷ್ಟರ ಮೇಲೆ ಮುದ್ರೆಯೇನೋ ಸರಿಯಾಗಿ ಬಿದ್ದಿತ್ತು, ಆದರೆ ಅಂಚಿನಲ್ಲಿ ನೇರಳೆ ಮಸಿಯ ಬೆರಳಿನ ಕಲೆ ಇತ್ತು. ಯಾರು ಹಾಕಿದ ಮತವೆಂದು ಗುರುತು ಸಿಗುವಂಥ ಗುರುತು ಇದ್ದರೆ ಆ ಮತ ನಡೆಯುವುದಿಲ್ಲ ಎಂದು ಎಣಿಸುವವರು ಹೇಳಿದರಂತೆ. ಇವನು ಅದು ಗುರುತಲ್ಲ, ಕಲೆ ಎಂದು ವಾದಿಸಿದ. ಕೇಳಲಿಲ್ಲ.

ನನ್ನ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದಳು. ಎಂಥ ಬಣ್ಣ ಎಂದು ಕೇಳಿದಳು. ನೇರಳೆ ಎಂದ. ಅವಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ಮತಗಟ್ಟೆಯಲ್ಲಿ ಸಹಿ ಬಾರದವರು ಮಸಿಯಲ್ಲಿ ಹೆಬ್ಬೆರಳೊತ್ತಿ, ಅದೇ ಕೈಯಲ್ಲಿ ಮತದ ಚೀಟಿ ಇಸಿದುಕೊಂಡು ಒಳಗೆ ಹೋಗಿದ್ದರು. ಒರೆಸಿಕೊಳ್ಳಲು ಅಲ್ಲಿಟ್ಟ ಬಟ್ಟೆ ಬೆಳಗಿನ ಹೊತ್ತಿಗೇ ತೊಯ್ದು ಕಪ್ಪಾಗಿತ್ತು. ಮೇಲಿನ ಓಣಿಯ ಮುದುಕಿಯರೆಲ್ಲ ಹೆಬ್ಬೆಟ್ಟಿನವರು, ಎಲ್ಲರೂ ಮೊಮ್ಮಗಳಿಗೆ ಹಾಕಿದವರು. ಏಳರಲ್ಲಿ ಯಾವುದು ಯಾರದೆಂದು ಯಾರಿಗೂ ತಿಳಿಯುವಂತಿಲ್ಲ. ಆದರೆ ಅವಳು ಆ ಕ್ಷಣಕ್ಕೇ ತೀರ್ಮಾನ ಮಾಡಿಬಿಟ್ಟಳು. ಆ ರಾತ್ರಿ ಅವಳು ಉಣ್ಣಲಿಲ್ಲ. ಮುಂದೆ ಬಹಳ ದಿನ, ಕೂತಲ್ಲಿ ನಿಂತಲ್ಲಿ ಸೆರಗಿನ ತುದಿಯಿಂದ ಆ ಬೆರಳು ಒರೆಸಿಕೊಳ್ಳುತ್ತಿದ್ದಳು.

ಮಗ ತಹಶೀಲ್ದಾರರ ಕಚೇರಿಗೆ ಒಂದು ಅರ್ಜಿ ಕೊಟ್ಟು ಬಂದ. ಉತ್ತರ ಬರುತ್ತದೆಂದು ನಾವು ಕಾದೆವು. ಇಪ್ಪತ್ತು ದಿನ ಹೋದ ಮೇಲೆ ಅಲ್ಲಿಯ ಗುಮಾಸ್ತ ಕರುಣೆಯಿಂದ ಹೇಳಿದ, ಇದು ಇಲ್ಲಿ ಆಗುವ ಕೆಲಸವಲ್ಲ, ಕೋರ್ಟಿಗೆ ಹೋಗಿ, ಬೇಗ ಹೋಗಿ ಎಂದು. ಹಳಿಯಾಳದಲ್ಲಿ ಒಬ್ಬರು ವಯಸ್ಸಾದ ವಕೀಲರಿದ್ದರು. ಅವರು ನಮ್ಮ ಮಾತು ಕೇಳಿ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದರು.

"ನೋಡವಾ, ಹೊಲ ಮನಿ ಖಟ್ಲೆದಾಗ ತಡಾ ಆದ್ರ ಕೋರ್ಟು ಕ್ಷಮಾ ಮಾಡ್ತೈತಿ. ಚುನಾವಣಿ ಖಟ್ಲೆದಾಗ ಮಾಡೂದಿಲ್ಲ. ಮೂವತ್ತು ದಿನ ಅಂದ್ರ ಮೂವತ್ತ. ಮೂವತ್ತೊಂದನೇ ದಿನ ನೀ ಅತ್ತರೂ ತಗೊಳ್ಳೂದಿಲ್ಲ."

ಅವರು ಇನ್ನೂ ಬಹಳ ಹೇಳಿದರು. ಗೆದ್ದವಳನ್ನು ಮಾತ್ರ ಎದುರುಗಾರಳನ್ನಾಗಿ ಮಾಡಿದರೆ ಸಾಲದು, ಹನ್ನೊಂದು ಮತದ ಜೋಯಿಡಾದವಳನ್ನೂ ಸೇರಿಸಬೇಕು, ಚುನಾವಣೆ ನಡೆಸಿದ ಅಧಿಕಾರಿಯನ್ನೂ ಸೇರಿಸಬೇಕು, ಒಬ್ಬರನ್ನು ಬಿಟ್ಟರೂ ಅರ್ಜಿ ಬಿತ್ತು. ಮೊಮ್ಮಗಳು ಖುದ್ದಾಗಿ ಕೋರ್ಟಿಗೆ ಹೋಗಿ ತನ್ನ ಕೈಯಿಂದ ಅರ್ಜಿ ಕೊಡಬೇಕು, ವಕೀಲರು ಕೊಟ್ಟರೆ ನಡೆಯದು. ಎದುರುಗಾರರು ಎಷ್ಟು ಜನವೋ ಅಷ್ಟು ನಕಲು ಬೇಕು, ಪ್ರತಿ ನಕಲಿನ ಮೇಲೂ ಇದು ನಿಜ ಪ್ರತಿ ಎಂದು ಅರ್ಜಿದಾರಳ ಸಹಿ ಬೇಕು. ಇದನ್ನೆಲ್ಲ ಅವರು ಮೊಮ್ಮಗಳಿಗೆ ಹೇಳಿದರು. ನಾನು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದೆ. ಮೂವತ್ತು ದಿನ ಎಂಬುದು ಒಂದೇ ನನ್ನ ಕಿವಿಗೆ ಇಳಿದದ್ದು.

ಟೈಪು ಮಾಡುವುದು, ತಿದ್ದುವುದು, ಮತ್ತೆ ಟೈಪು ಮಾಡುವುದು ಆಗಿ ಮೂವತ್ತನೆಯ ದಿನವೇ ಬಂತು. ಬೆಳಿಗ್ಗೆ ಮೊಮ್ಮಗಳು ಮೂಲ ಅರ್ಜಿಗೆ ಸಹಿ ಮಾಡಿ ಪ್ರಮಾಣ ಮಾಡಿದಳು. ಆಮೇಲೆ ಫಲಿತಾಂಶದ ದೃಢೀಕೃತ ಪ್ರತಿ ತರಲು ಕಚೇರಿಗೆ ಓಡಿದಳು. ಅಲ್ಲಿ ಸರತಿ. ಇತ್ತ ವಕೀಲರ ಗುಮಾಸ್ತ ಮೂರು ಕಟ್ಟು ನಕಲು ತಂದು ವಕೀಲರ ಮನೆಯ ಪಡಸಾಲೆಯಲ್ಲಿ, ನಾನು ಕೂತಿದ್ದ ಮೇಜಿನ ಮೇಲಿಟ್ಟ. ಪ್ರತಿ ಪುಟದ ಕೆಳಗೆ 'ನಿಜ ಪ್ರತಿ' ಎಂದು ರಬ್ಬರ್ ಮುದ್ರೆ ಒತ್ತಿದ್ದ. ಅವನಿಗೆ ಮತ್ತೊಂದು ಕೆಲಸಕ್ಕೆ ಅವಸರ.

"ಅಜ್ಜಾರ, ಇವಕ್ಕ ಸಹಿ ಆಗಬೇಕ್ರಿ. ಲಗೂನ ಆಗಲಿ."

ಹೇಳಿ ಹೋದ. ಮೊಮ್ಮಗಳು ಬಂದ ಕೂಡಲೇ ಮಾಡಿಸಿ ಎಂಬುದು ಅವನ ಮಾತಿನ ಅರ್ಥ. ನನಗೆ ಹಾಗೆ ಕೇಳಿಸಲಿಲ್ಲ. ಮೇಜಿನ ಮೇಲೆ ಕಾಗದ ಇದೆ, ಮನೆಯ ಹಿರಿಯ ಎದುರಿಗೆ ಕೂತಿದ್ದಾನೆ, ಸಹಿ ಬೇಕು ಎನ್ನುತ್ತಿದ್ದಾರೆ. ಪೆನ್ನು ತೆಗೆದೆ. ಒಂದು ಕಟ್ಟಿಗೆ ಇಪ್ಪತ್ತೆರಡು ಪುಟ, ಮೂರು ಕಟ್ಟು. ಅರವತ್ತಾರು ಸಲ ನನ್ನ ಹೆಸರು ಬರೆದೆ. ಅರವತ್ತಾರು ಗೆರೆ ಎಳೆದು ಚುಕ್ಕೆ ಇಟ್ಟೆ. ನಲವತ್ತು ದಾಟುವಷ್ಟರಲ್ಲಿ ಬೆರಳು ಮರಗಟ್ಟಿತು, ಬಾಯಿಂದ ಊದಿಕೊಂಡು ಮತ್ತೆ ಮಾಡಿದೆ. ಮೊಮ್ಮಗಳಿಗಾಗಿ ನನ್ನ ಕೈಯಿಂದ ಏನೋ ಆಗುತ್ತಿದೆ ಎಂದು ಎಷ್ಟು ಖುಷಿಯಾಗಿತ್ತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವಳು ನಾಲ್ಕು ಗಂಟೆ ದಾಟಿದ ಮೇಲೆ ಓಡುತ್ತ ಬಂದಳು. ಗುಮಾಸ್ತ ಪುಟದ ಕೆಳಗೆ ಸಹಿ ಇದೆ ಎಂದಷ್ಟೇ ನೋಡಿ ದಾರ ಕಟ್ಟಿದ. ಅವಳು ಕೋರ್ಟಿಗೆ ಓಡಿ ತನ್ನ ಕೈಯಾರೆ ಕೊಟ್ಟಳು. ಬಾಗಿಲು ಮುಚ್ಚಲು ಇನ್ನು ಕಾಲು ಗಂಟೆ ಇತ್ತು. ಕಟ್ಟುವಾಗ ಮೇಲಿನ ಪುಟದಲ್ಲಿ ನನ್ನ ಸಹಿ ಅವಳ ಕಣ್ಣಿಗೆ ಬಿದ್ದಿತ್ತಂತೆ. ಹುಟ್ಟಿದಾಗಿನಿಂದ ತನ್ನ ಎಲ್ಲ ಕಾಗದದ ಕೆಳಗೆ ಅದನ್ನೇ ಕಂಡವಳು, ಅಲ್ಲಿರಬಾರದು ಎಂದು ಅವಳಿಗೂ ಹೊಳೆಯಲಿಲ್ಲ. ನಾವಿಬ್ಬರೂ ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ ತಿಂದು ನಗುತ್ತ ಊರಿಗೆ ಬಂದೆವು.

ಆಮೇಲೆ ಎಂಟು ತಿಂಗಳು ನೋಟಿಸಿನಲ್ಲೇ ಹೋಯಿತು. ಜೋಯಿಡಾದವಳು ತವರಿಗೆ ಹೋಗಿ ಕೂತಿದ್ದಳು. ನೋಟಿಸು ಇಲ್ಲಿಗೆ ಬಂದಾಗ ಅವಳು ಅಲ್ಲಿ, ಅಲ್ಲಿಗೆ ಹೋದಾಗ ಇಲ್ಲಿ. ಕೊನೆಗೆ ಮೊಮ್ಮಗಳೇ ಅವಳ ತವರಿಗೆ ಹೋಗಿ, ದಯಮಾಡಿ ಒಂದು ಕಡೆ ಇರಿ ಅಕ್ಕಾ ಎಂದು ಕೇಳಿಕೊಂಡಳು. ಹನ್ನೊಂದು ಮತ ಬಿದ್ದವಳಿಗೆ ಇಷ್ಟು ಬೆಲೆ ಇದೆಯೆಂದು ಗೊತ್ತಿದ್ದರೆ ಇನ್ನೂ ಮೊದಲೇ ನಿಲ್ಲುತ್ತಿದ್ದೆ ಎಂದಳಂತೆ ಅವಳು. ಅದನ್ನು ಕೇಳಿ ಮನೆಯಲ್ಲಿ ನಕ್ಕೆವು. ನನ್ನ ಹೆಂಡತಿ ನಕ್ಕದ್ದು ಆ ವರ್ಷ ಅದೊಂದು ಸಲ.

ಎಲ್ಲರೂ ಕೋರ್ಟಿಗೆ ಬಂದ ಮೇಲೆ ಗೆದ್ದವಳ ವಕೀಲರು ಎದ್ದು ನಿಂತರು. ಮತದ ಮಾತೇ ಎತ್ತಲಿಲ್ಲ. ತಮಗೆ ಬಂದ ನಕಲಿನ ಕಟ್ಟು ಎತ್ತಿ ಹಿಡಿದು, ಇದರ ಮೇಲೆ ಅರ್ಜಿದಾರಳ ಸಹಿಯೇ ಇಲ್ಲ, ಯಾರದೋ ಸಹಿ ಇದೆ, ಇಂಥ ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳಬಾರದು ಎಂದರು. ನ್ಯಾಯಾಧೀಶರು ನೋಡಿದರು. ಇದು ಯಾರ ಸಹಿ ಎಂದು ಕೇಳಿದರು. ನಮ್ಮ ವಕೀಲರು ಕಾಗದ ತಿರುವುತ್ತಿದ್ದರು. ಕೋರ್ಟಿನಲ್ಲಿ ಕೇಳದೆ ಮಾತಾಡಬಾರದು ಎಂದು ಅವರು ನನಗೆ ಮೊದಲೇ ಹೇಳಿದ್ದರು. ಆದರೆ ಸಾಹೇಬರು ಕೇಳುತ್ತಿದ್ದಾರೆ, ಸಹಿ ನನ್ನದು. ಎದ್ದು ನಿಂತೆ.

"ಅದು ನಂದ ಸಹಿ ರೀ ಸಾಹೇಬರ. ಮನಿ ಹಿರಿಯಾ ನಾನ. ಹುಡುಗಿ ಎಲ್ಲಾ ಕಾಗದಕ್ಕ ನಾನ ಮಾಡ್ತೇನ್ರಿ."

ಎದುರು ವಕೀಲರು ತಲೆ ತಗ್ಗಿಸಿ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಕೂತುಕೊಳ್ಳಿ ಅಜ್ಜಾ ಎಂದರು ಮೆತ್ತಗೆ. ಮೊಮ್ಮಗಳು ಹಿಂತಿರುಗಿ ನೋಡಿದಳು. ಆ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಆ ನೋಟ ಇಷ್ಟು ವರ್ಷ ನನ್ನ ಕಣ್ಣ ಮುಂದೆ ನಿಲ್ಲುತ್ತಿರಲಿಲ್ಲ.

ಮುಂದಿನ ತಾರೀಖಿಗೆ ಅರ್ಜಿ ವಜಾ ಆಯಿತು. ಏಳು ಮತ ಪೆಟ್ಟಿಗೆಯಲ್ಲೇ ಉಳಿದವು, ಯಾರೂ ತೆರೆದು ನೋಡಲಿಲ್ಲ. ಮಗ ಅಂಬಿಕಾನಗರದಿಂದ ಬಂದವನು ಅಂಗಳದಲ್ಲಿ ನಿಂತು ನನಗೆ ಒಂದೇ ಮಾತು ಹೇಳಿದ.

"ಅಪ್ಪಾ, ಇನ್ನ ಮ್ಯಾಲೆ ಯಾವ ಕಾಗದಕ್ಕೂ ನೀ ಸಹಿ ಮಾಡಬ್ಯಾಡ."

ಅವನು ಹೇಳಿದ್ದು ಸರಿಯೇ. ಆ ಮೇಲೆ ಅವನೂ ನಾನೂ ಮಳೆ ಬೆಳೆ ಬಸ್ಸು ಎಂದು ಮಾತಾಡಿದೆವೇ ಹೊರತು ಮಾತಾಡಲಿಲ್ಲ. ಸಂಜೆ ನಾನು ಹಿತ್ತಲಲ್ಲಿ ಕೂತಿದ್ದಾಗ ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಸೆರಗಿನಿಂದ ಹೆಬ್ಬೆರಳು ಒರೆಸಿಕೊಳ್ಳುತ್ತ ಹೇಳಿದಳು.

"ನಾ ಹೆಬ್ಬಟ್ಟ ಒತ್ತಿ ಮತಾ ಕೆಡಿಸಿದೆ. ನೀವು ಸಹಿ ಕಲತು ಖಟ್ಲೆ ಕೆಡಿಸಿದ್ರಿ. ಇಬ್ರೂ ಜೋಡಿ ಚಲೋ ಕೂಡೇವಿ."

ಅವಳು ನಗಿಸಲೆಂದೇ ಹೇಳಿದ್ದು. ನಾನು ನಗಲು ಹೋದೆ, ಆಗಲಿಲ್ಲ. ಅವಳಿಗೂ ಆಗಲಿಲ್ಲ.

ವಕೀಲರು ಬಿಡಲಿಲ್ಲ. ತಮ್ಮ ಪಡಸಾಲೆಯಲ್ಲಿ ಆದ ತಪ್ಪು ತಮ್ಮದೂ ಹೌದು ಎಂದು ಧಾರವಾಡದ ಹೈಕೋರ್ಟಿಗೆ ಕಾಗದ ಮಾಡಿಕೊಟ್ಟರು. ಈ ಸಲ ನಾನು ಪೆನ್ನಿದ್ದ ಕೋಣೆಗೇ ಹೋಗಲಿಲ್ಲ. ಧಾರವಾಡದಲ್ಲಿ ತಾರೀಖು ಬರುವುದು, ಮುಂದಕ್ಕೆ ಹೋಗುವುದು. ಮೊಮ್ಮಗಳು ಪ್ರತಿ ಸಲ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುವಳು. ನಡುವೆ ಒಂದು ಕಡೆ ಗಂಡು ನೋಡಿದ್ದೆವು, ಒಳ್ಳೆಯ ಮನೆ. ಹುಡುಗಿ ಕೋರ್ಟಿಗೆ ಓಡಾಡುತ್ತಾಳೆ ಎಂದು ಅವರು ಹಿಂದೆ ಸರಿದರು. ಅವಳು ಮರುದಿನ ಯಾರದೋ ವಿಧವಾ ವೇತನದ ಅರ್ಜಿ ತುಂಬುತ್ತ ಕೂತಳು.

ಧಾರವಾಡದ ಓಡಾಟದ ಎರಡನೆಯ ವರ್ಷ, ಮಳೆಗಾಲದಲ್ಲಿ ನನ್ನ ಹೆಂಡತಿಗೆ ಜ್ವರ ಬಂತು. ಹಳಿಯಾಳದಲ್ಲಿ ತೋರಿಸಿದೆವು, ಇಳಿಯಿತು, ಮತ್ತೆ ಏರಿತು. ಜ್ವರದ ಬಾಯಲ್ಲಿ ಅವಳು ಮೊಮ್ಮಗಳನ್ನು ಕರೆದು ಒಂದು ಮಾತು ಕೇಳಿದಳು. ಪೆಟ್ಟಿಗೆ ತೆರೆದಾಗ ತನ್ನ ಮತ ಯಾವುದೆಂದು ತಿಳಿಯುತ್ತದೆಯೇ, ತಿಳಿದರೆ ಅದು ಕೆಟ್ಟಿತ್ತೋ ಇಲ್ಲವೋ ತನಗೆ ಹೇಳಬೇಕು ಎಂದು. ಹೇಳುತ್ತೇನೆ ಅಜ್ಜಿ ಎಂದಳು ಮೊಮ್ಮಗಳು. ಮೂರು ದಿನಕ್ಕೆ ನನ್ನ ಹೆಂಡತಿ ಹೋದಳು.

ವಿಮಾನ ಹೊತ್ತು ಹೊರಟಾಗ ಮಳೆ ಬಿಡಲೇ ಇಲ್ಲ. ಯಾವ ದಾರಿಗಾಗಿ ಮೊಮ್ಮಗಳನ್ನು ನಿಲ್ಲಿಸಿದ್ದಳೋ ಅದೇ ದಾರಿ. ಹಳ್ಳದ ಹತ್ತಿರ ಹೊತ್ತವರ ಕಾಲು ಹೂತವು. ಮಗ ಮುಂದೆ, ಅಳಿಯ ಹಿಂದೆ. ನಾನು ಪಕ್ಕದಲ್ಲಿ ವಿಮಾನದ ಕೋಲು ಹಿಡಿದು ನಡೆದೆ, ಹಿಡಿದೆನೋ ಜೋತು ಬಿದ್ದೆನೋ ತಿಳಿಯದು. ಗೆದ್ದ ಕಿರಾಣಿ ಅಂಗಡಿಯ ಸೊಸೆಯೂ ಬಂದಿದ್ದಳು. ಹೆಂಗಸರು ಹಳ್ಳದ ತನಕ ಬರುವ ರೂಢಿಯಿಲ್ಲ. ಅವಳು ಬಂದು, ಕೆಸರಿನಲ್ಲಿ ಸೀರೆ ಎತ್ತಿ ಹಿಡಿದು ನಿಂತಿದ್ದಳು. ಯಾರ ಮುಖವನ್ನೂ ನೋಡಲಿಲ್ಲ.

ಮರಣದ ದಾಖಲೆಗೆ ಪಂಚಾಯಿತಿ ಕಚೇರಿಗೆ ಹೋದೆವು. ಗುಮಾಸ್ತ ಫಾರ್ಮು ತುಂಬಿ, ಯಜಮಾನರು ನೀವಲ್ಲವೇ ಎಂದು ನನ್ನ ಕಡೆ ನೂಕಿದ. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ನೀನೇ ಮಾಡಪ್ಪಾ ಎಂದೆ ಮಗನಿಗೆ. ಅವನು ನನ್ನನ್ನು ನೋಡಿದ. ಸಹಿ ಮಾಡಿದ. ಹೊರಗೆ ಬಂದು ಮೋಟಾರ್ ಸೈಕಲ್ಲಿನ ಮೇಲೆ ತಲೆಯಿಟ್ಟು ಅತ್ತ. ಅವ್ವನಿಗಾಗಿ ಅತ್ತನೆಂದೇ ನಾನು ತಿಳಿದೆ. ಪೂರ್ತಿ ಅದಕ್ಕಾಗಿ ಅಲ್ಲವೆಂದು ಈಗ ಗೊತ್ತು.

ಧಾರವಾಡದ ಆದೇಶ ಬಂದದ್ದು ಅದಾದ ಮುಂದಿನ ಬೇಸಿಗೆಯಲ್ಲಿ. ಮೂಲ ಅರ್ಜಿಗೆ ಸಹಿ ಮಾಡಿದವಳು ಅವಳೇ, ಕೋರ್ಟಿಗೆ ತಂದು ಕೊಟ್ಟವಳೂ ಅವಳೇ, ನಕಲಿನಲ್ಲಿ ಒಂದಕ್ಷರವೂ ಹೆಚ್ಚು ಕಡಿಮೆ ಇಲ್ಲ, ಎದುರಿನವರಿಗೆ ಅದರಿಂದ ಯಾವ ಮೋಸವೂ ಆಗಿಲ್ಲ. ಇದು ತಿದ್ದಬಹುದಾದ ತಪ್ಪು, ತಿದ್ದಲು ಅವಕಾಶ ಕೊಟ್ಟು ಮುಂದೆ ನಡೆಸಿ ಎಂದು ದೊಡ್ಡ ಕೋರ್ಟು ಖಟ್ಲೆಯನ್ನು ತಿರುಗಿ ಇಲ್ಲಿಗೇ ಕಳಿಸಿತು. ಮೊಮ್ಮಗಳು ಹೊಸ ಮೂರು ಕಟ್ಟಿನ ಮೇಲೆ ಅರವತ್ತಾರು ಸಹಿ ಮಾಡಿದಳು. ಬೆರಳು ನೋಯುತ್ತದಲ್ಲವೇ ಎಂದು ಕೇಳಿದೆ. ಬಹಳ ನೋಯುತ್ತದೆ, ನೀ ಹೇಗೆ ಮಾಡಿದೆ ಎಂದು ನಕ್ಕಳು.

ಸಾಕ್ಷಿ, ವಾದ, ಮತ್ತೆ ತಾರೀಖು. ಕಳೆದ ವಾರ ಪೆಟ್ಟಿಗೆ ತೆರೆದರು. ಕೋರ್ಟಿನೊಳಗೇ, ನ್ಯಾಯಾಧೀಶರ ಎದುರಿನ ಮೇಜಿನ ಮೇಲೆ ಅರಗಿನ ಮುದ್ರೆ ಒಡೆದು ಆ ಏಳು ಚೀಟಿ ಸಾಲಾಗಿ ಇಟ್ಟರು. ಎರಡೂ ಕಡೆಯವರು ಹತ್ತಿರ ಬಂದು ನೋಡಬಹುದು ಎಂದರು. ಮಗ ಹೋದ, ಮೊಮ್ಮಗಳು ಹೋದಳು. ವಕೀಲರು ನನ್ನನ್ನೂ ಕರೆದರು. ನಾನು ಎದ್ದೆ, ಎರಡು ಹೆಜ್ಜೆ ಹೋದೆ.

ಆ ಬೆರಳನ್ನು ನಾನು ಐವತ್ತು ವರ್ಷ ನೋಡಿದವನು. ಮದುವೆಯಾದ ಹೊಸತರಲ್ಲಿ ಕುಡುಗೋಲು ತಾಗಿ ಅದರ ನಡುವೆ ಒಂದು ಓರೆ ಗೆರೆ ಬಿದ್ದಿತ್ತು. ಹಿಂದಿನ ದಿನವೇ ವಕೀಲರು ನಮಗೆಲ್ಲ ವಿವರಿಸಿದ್ದರು.

"ಕಲಿ ಬಿದ್ದದ್ದು ತಪ್ಪಲ್ಲ. ಇದು ಇಂಥವರದ ಅಂತ ಗುರುತು ಹತ್ತೂದು ತಪ್ಪು. ಯಾರದಂತ ಗೊತ್ತಾತಂದ್ರ ಆ ಮತಾ ಹೋತು. ಯಾರಿಗೂ ಗೊತ್ತಾಗದಿದ್ರ ಉಳೀತು."

ನಾನು ಹತ್ತಿರ ಹೋದರೆ ಆ ಓರೆ ಗೆರೆಯನ್ನು ಹುಡುಕದೆ ಇರಲಾರೆ. ಕಂಡರೆ ಈ ಬಾಯಿ ಸುಮ್ಮನಿರುವುದಿಲ್ಲ, ಇದೇ ಕೋರ್ಟಿನಲ್ಲಿ ಒಮ್ಮೆ ನೋಡಿದ್ದೇನೆ ಅದನ್ನು. ಅವಳ ಕೊನೆಯ ಮಾತೂ ಕಿವಿಯಲ್ಲಿತ್ತು, ತನ್ನ ಮತ ಕೆಟ್ಟಿತ್ತೋ ಇಲ್ಲವೋ ಹೇಳಿರಿ ಎಂಬುದು. ನೋಡಿದರೆ ಅವಳಿಗೆ ಉತ್ತರ ಸಿಗುತ್ತದೆ, ಮೊಮ್ಮಗಳು ಒಂದು ಮತ ಕಳೆದುಕೊಳ್ಳುತ್ತಾಳೆ. ಆ ಮೇಜು ನನ್ನಿಂದ ನಾಲ್ಕು ಮಾರು ದೂರ ಇತ್ತು. ಕನ್ನಡಕ ತೆಗೆದು ಜೇಬಿನಲ್ಲಿ ಹಾಕಿಕೊಂಡು ತಿರುಗಿ ಬಂದು ಬೆಂಚಿನ ಮೇಲೆ ಕೂತೆ. ಮಗ ಮೇಜಿನ ಹತ್ತಿರದಿಂದ ಅದನ್ನು ನೋಡುತ್ತಿದ್ದ.

ಏಳರಲ್ಲಿ ಎರಡು ಚೀಟಿಯ ಮೇಲೆ ಮುದ್ರೆ ಇಬ್ಬರ ಚಿಹ್ನೆಯ ನಡುವೆ ಬಿದ್ದಿತ್ತು, ಅವು ಹೋದವು. ಉಳಿದ ಐದರ ಮೇಲೆ ಇದ್ದದ್ದು ಬರೀ ಮಸಿ, ಯಾರದೆಂದು ಹೇಳುವಂತಿಲ್ಲ. ಐದರಲ್ಲಿ ನಾಲ್ಕು ಮೊಮ್ಮಗಳಿಗೆ, ಒಂದು ಅಂಗಡಿಯವರ ಸೊಸೆಗೆ. ಎರಡರಿಂದ ಸೋತವಳು ಒಂದರಿಂದ ಗೆದ್ದಂತಾಯಿತು. ಅದನ್ನೇ ಇವತ್ತು ಓದಿ ಹೇಳಿದ್ದು. ಆ ನಾಲ್ಕರಲ್ಲಿ ಅವಳದು ಇತ್ತೇ? ಇತ್ತು ಎಂದು ನಾನು ಹೇಳುವಂತಿಲ್ಲ. ಕೆಟ್ಟ ಎರಡರಲ್ಲಿ ಇತ್ತು ಎಂದೂ ಯಾರೂ ಹೇಳಲಾರರು. ಅವಳಿಗೆ ಇಷ್ಟನ್ನೇ ಹೇಳಲು ಒಂದು ಗಳಿಗೆ ಸಿಕ್ಕಿದ್ದರೆ ಸಾಕಿತ್ತು.

ಬರುವಾಗ ಬಸ್ಸಿನಲ್ಲಿ ಅಂಗಡಿಯವರ ಸೊಸೆಯೂ ಇದ್ದಳು. ಊರಿಗೆ ಆ ಹೊತ್ತಿಗೆ ಇರುವುದು ಅದೊಂದೇ ಬಸ್ಸು. ಮುಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅರ್ಧ ದಾರಿಯಲ್ಲಿ ತಾನಾಗಿ ತಿರುಗಿ ಮೊಮ್ಮಗಳನ್ನು ನೋಡಿದಳು.

"ಆ ರಸ್ತಾ ನಾನೂ ಕೆಲಸದ ಯಾದ್ಯಾಗ ನಾಕ ಸಲಾ ಬರಸೀನಿ. ಪ್ರತಿ ಸಲಾ ಮ್ಯಾಲಿನವರು ಹೊಡದ ಹಾಕ್ತಾರ. ಫೈಲ್ ನನ್ನ ಹಂತ್ಯಾಕ ಐತಿ, ಕಳಸ್ತೇನಿ."

ಮೊಮ್ಮಗಳು ಹೂಂ ಅಕ್ಕಾ ಎಂದಳು. ಆಕೆ ಕೆಳಗಿನ ಓಣಿಯ ಹತ್ತಿರ ಇಳಿದು ಹಿಂತಿರುಗಿ ನೋಡದೆ ಹೋದಳು. ಆಕೆಗೂ ಮನೆಯಲ್ಲಿ ಜನ ಇದ್ದಾರೆ, ಇವತ್ತು ಅವರ ಒಲೆಯ ಮುಂದೆ ಏನು ಮಾತಾಯಿತೋ.

ನಮ್ಮ ಮನೆಯಲ್ಲಿ ಮಗಳು ಅಳಿಯ ಮುಂಡಗೋಡದಿಂದ ನಮಗಿಂತ ಮೊದಲೇ ಬಂದು ಕೂತಿದ್ದರು. ಅಳಿಯ ಟಿಬೆಟನ್ ಕಾಲೊನಿಯಲ್ಲಿ ಗೋವಿನಜೋಳದ ವ್ಯಾಪಾರ ಮಾಡುತ್ತಾನೆ. ಅಲ್ಲಿಯ ದುಂಡನೆಯ ದಪ್ಪ ರೊಟ್ಟಿ ಒಂದು ಚೀಲ ತಂದಿದ್ದ, ಸಿಹಿ ಸಿಗಲಿಲ್ಲ ಮಾವಾ ಎಂದ. ನನ್ನ ಸೊಸೆ, ಮೊಮ್ಮಗಳ ತಾಯಿ, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು, ಸಿಹಿಗೆ ಸಜ್ಜಕ ಮಾಡಿದ್ದಳು. ಮಗ ಅಂಬಿಕಾನಗರಕ್ಕೆ ಫೋನು ಮಾಡಿ ನಾಳೆ ಬರುವುದಿಲ್ಲ ಎಂದು ಹೇಳಿದ. ಸಂಜೆ ಇನ್ನೂ ಬೆಳಕಿರುವಾಗಲೇ ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ಬಡಿಸುವವರು ಆಮೇಲೆ ಉಣ್ಣುವುದು ಬೇಡ, ಪಾತ್ರೆಗಳನ್ನು ನಡುವೆ ಇಡಿ ಎಂದಳು ಮೊಮ್ಮಗಳು. ಸೊಸೆಯೂ ಕೂತಳು.

ಮಗ ನನ್ನ ಪಕ್ಕದಲ್ಲಿ ಕೂತ. ಅರ್ಜಿ ವಜಾ ಆದ ಮೇಲೆ ಅವನು ತಾನಾಗಿ ನನ್ನ ಪಕ್ಕ ಕೂತದ್ದಿಲ್ಲ. ನನ್ನ ತಟ್ಟೆಗೆ ಸಜ್ಜಕ ಹಾಕಿ, ತುಪ್ಪ ಹಾಕಿ, ನನ್ನ ಮುಖ ನೋಡದೆಯೇ ಹೇಳಿದ.

"ಆವತ್ತ ನೀ ಹಂತ್ಯಾಕ ಬರಲಿಲ್ಲಲಾ ಅಪ್ಪಾ. ಯಾಕಂತ ನನಗ ಗೊತ್ತಾತು."

ಕಣ್ಣಿನಲ್ಲಿ ನೀರು ಬಂತು. ಬಹಳ ಖಾರ ಆಗಿದೆ ಎಂದೆ. ಸಜ್ಜಕದಲ್ಲಿ ಖಾರ ಎಲ್ಲಿಂದ ಬಂತಪ್ಪಾ ಎಂದಳು ಮಗಳು. ಮೊಮ್ಮಗಳು ಮೊದಲು ನಕ್ಕಳು, ಆಮೇಲೆ ಎಲ್ಲರೂ ನಕ್ಕರು, ನಗುತ್ತಲೇ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳಿಯ ತನ್ನ ದಪ್ಪ ರೊಟ್ಟಿಯನ್ನು ಮುರಿದು ಎಲ್ಲರ ತಟ್ಟೆಗೂ ಒಂದೊಂದು ತುಂಡು ಹಾಕಿದ. ನಾನು ಅದನ್ನು ಎಣ್ಣೆಗಾಯಿಯಲ್ಲಿ ಅದ್ದಿ ತಿಂದೆ. ಇನ್ನೊಂದು ಹಾಕು ಎಂದೆ.